ಮೊಳೆ ಹೊಡೆದ ಕಿಟಕಿ

ಬುವಾಲೈ ಅಂಗಡಿಯಲ್ಲಿ ಮೊಟ್ಟೆ ಕೊಂಡರೆ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. ವಿಹಾರದ ಭಿಕ್ಷು ಮಂತ್ರಿಸಿ ಕಟ್ಟಿದ ದಾರವನ್ನೂ ಎಳೆದು ನೋಡಿ, ಗಟ್ಟಿ ಇದೆ ಎಂದ ಮೇಲೆಯೇ ಕೈಮುಗಿಯುತ್ತಿದ್ದಳು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನಮ್ಮ ಹುವೈ ಫಾದ ಬುವಾಲೈ ಒಂದು ಕೈ ಮೇಲು. ಕಲ್ಲು ಸಿಗದಿದ್ದರೆ ಅದನ್ನು ಯಾರೋ ಮೊದಲೇ ಕದ್ದಿದ್ದಾರೆ ಎನ್ನುವವಳು.

ಹಾಗೆಂದು ಕೆಟ್ಟವಳಲ್ಲ. ಊರಿಗೆಲ್ಲ ಅವಳು 'ಪಾ', ದೊಡ್ಡಮ್ಮ. ಕೈಯಲ್ಲಿ ರುಚಿ ಇತ್ತು. ಸೋಯಾ ಕಾಳನ್ನು ಬೇಯಿಸಿ, ಹುಳಿ ಬರಿಸಿ, ರುಬ್ಬಿ, ಅಂಗೈಯಗಲ ತಟ್ಟಿ ಒಣಗಿಸಿ, ಕೆಂಡದ ಮೇಲೆ ಸುಡುವ ತುವಾ ನಾವ್ ಬಿಲ್ಲೆ ಈ ಬೆಟ್ಟಗಳಲ್ಲಿ ಮನೆಮನೆಯಲ್ಲೂ ಉಂಟು. ಆದರೆ ಬುವಾಲೈಯ ಬಿಲ್ಲೆಯ ಹೊಗೆವಾಸನೆ ಬೇರೆ ಯಾರ ಕೈಗೂ ಒಲಿಯಲಿಲ್ಲ. ಸಂತೆಯಲ್ಲಿ ಅವಳ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿ. ಗುಟ್ಟೇನು ಪಾ ಎಂದು ಕೇಳಿದವರಿಗೆ, "ಕೇಳ್ಕೊಂಡು ಬಾ ಅಂತ ಯಾರು ಕಳಿಸಿದ್ರು ನಿನ್ನ?" ಎಂಬ ಉತ್ತರ. ಗುಟ್ಟು ಇಷ್ಟೇ: ಅವಳ ಅಡುಗೆಮನೆಯ ಹೊಗೆ ಹೊರಗೆ ಹೋಗುತ್ತಿರಲಿಲ್ಲ.

ಆ ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ. ಅದು ಪಕ್ಕದ ಸೀನುವಾನ್ ಮನೆಯ ಕಡೆ ತೆರೆಯುತ್ತಿತ್ತು. ಬುವಾಲೈ ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ ಅವಳ ತಾಯಿಗೆ ಕೆಮ್ಮು ಹತ್ತಿತು. ಯಾವ ಕಷಾಯಕ್ಕೂ ಬಗ್ಗದ ಕೆಮ್ಮು. ಊರಿನಲ್ಲಿ ಗುಸುಗುಸು ಎದ್ದಿತು: ಸೀನುವಾನ್‌ಳ ತಾಯಿಯ ಮೈಯಲ್ಲಿ ಪೀಕಾ ಇದೆ. ಪೀಕಾ ಎಂಬ ದೆವ್ವ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಅದರ ಕಣ್ಣು ಬಿದ್ದವರನ್ನು ಒಳಗಿನಿಂದ ಕೊರೆದು ತಿನ್ನುತ್ತದೆ. ಮೊದಲು ಯಾರು ಹೇಳಿದರೋ ಯಾರಿಗೂ ಗೊತ್ತಿಲ್ಲ. ಅಂಥ ಮಾತಿಗೆ ತಂದೆತಾಯಿ ಇರುವುದಿಲ್ಲ. ಬುವಾಲೈಯ ತಂದೆ ತೇಗದ ಹಲಗೆಗಳನ್ನು ತಂದು ಕಿಟಕಿಗೆ ಅಡ್ಡ ಹಾಕಿ ಮೊಳೆ ಹೊಡೆದ, ಆ ಮನೆಯ ಕಣ್ಣು ಈ ಮನೆಯ ಒಲೆಗೆ ತಾಗದಿರಲಿ ಎಂದು. ತಾಯಿ ಅಲ್ಲಿಂದ ಇನ್ನೂ ಬೇಗ ಸೊರಗಿದಳು. ಕಿಟಕಿ ಮುಚ್ಚಿದ್ದಕ್ಕೆ ಪೀಕಾಗೆ ಸಿಟ್ಟು ಬಂದಿದೆ ಎಂದರು ಜನ. ತಾಯಿ ಹೋದಳು, ಒಲೆ ಅಕ್ಕನ ಪಾಲಿಗೆ ಬಂತು. ಕೆಲವು ವರ್ಷಕ್ಕೆ ಅಕ್ಕನೂ ಅದೇ ಕೆಮ್ಮಿನಲ್ಲಿ ಹೋದಳು. ಬುವಾಲೈ ಒಲೆಯ ಮುಂದೆ ಕೂತ ಮೊದಲ ದಿನವೇ ಹಲಗೆಗಳ ಸಂದಿಗೆ ಬಟ್ಟೆ ತುರುಕಿ ಇನ್ನಷ್ಟು ಮೊಳೆ ಹೊಡೆದಳು.

ಸೀನುವಾನ್‌ಗೆ ಮದುವೆಯಾಗಲಿಲ್ಲ. ಪೀಕಾ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ತಾಯಿಯನ್ನು ಸಾಕಿದಳು, ಮಣ್ಣು ಮಾಡಿದಳು, ಒಂಟಿಯಾಗಿ ಉಳಿದಳು. ಕಾಲ ಬದಲಾಯಿತು. ಆರೋಗ್ಯ ಕೇಂದ್ರದವರು ಅವಳನ್ನೇ ಊರಿನ ಆರೋಗ್ಯ ಸೇವಕಿ ಮಾಡಿದರು. ಹಿಂದೆ ಅವಳ ನೆರಳಿಗೆ ಹೆದರುತ್ತಿದ್ದವರು ಬಿಪಿ ನೋಡಿಸಿಕೊಳ್ಳಲು ಅವಳ ಮುಂದೆ ತೋಳು ಚಾಚಿದರು. ಬುವಾಲೈ ಮಾತ್ರ ಅವಳ ಕೈಯಿಂದ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ದಾರಿಯಲ್ಲಿ ಎದುರಾದರೆ ಸೀನುವಾನ್, "ಊಟ ಆಯ್ತಾ?" ಎನ್ನುವಳು. ಇವಳು "ಊಂ" ಎಂದು ಕೊರಳ ತಾಯತ ಮುಟ್ಟಿಕೊಂಡು ಬಿರಬಿರನೆ ಹೆಜ್ಜೆ ಹಾಕುವಳು.

ಆ ವರ್ಷ ಬೇಸಿಗೆಯ ಕಾಡುಬೆಂಕಿಯ ಹೊಗೆ ಎಂದಿಗಿಂತ ಮೊದಲೇ ಕಣಿವೆಗೆ ಇಳಿಯಿತು. ಎದುರಿನ ಬೆಟ್ಟ ಮಾಯ, ಸೂರ್ಯ ಉಪ್ಪುನೀರಿನಲ್ಲಿ ನೆನೆಹಾಕಿದ ಮೊಟ್ಟೆಯ ಹಳದಿಯ ಹಾಗೆ. ಧ್ವನಿವರ್ಧಕದಲ್ಲಿ ಊರ ಮುಖ್ಯಸ್ಥ ದಿನಾ ಬೆಳಿಗ್ಗೆ ಕೂಗುತ್ತಿದ್ದ: ಕಾಡಿಗೆ ಬೆಂಕಿ ಹಚ್ಚಿದವರಿಗೆ ಜೈಲು, ಮನೆಯೊಳಗೇ ಇರಿ, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಳ್ಳಿ. ಸರ್ಕಾರದ ಮಾತುಗಳಲ್ಲಿ ಬುವಾಲೈಗೆ ಹಿಡಿಸಿದ್ದು ಆ ಕೊನೆಯದೊಂದೇ. ಬಿಸಿಲು ಮಂಕಾಗಿದ್ದರಿಂದ ಬಿಲ್ಲೆಗಳು ಅಂಗಳದಲ್ಲಿ ಒಣಗುತ್ತಿರಲಿಲ್ಲ. ಒಲೆಯ ಮೇಲೆ ತೂಗುಬಿಟ್ಟ ಬಿದಿರ ತಟ್ಟಿಯಲ್ಲಿ ಹರಡಿ, ಹಸಿ ಸೌದೆ ಒಟ್ಟಿ, ಬಾಗಿಲು ಹಾಕಿಕೊಂಡು ಹಗಲೆಲ್ಲ ಅಲ್ಲೇ ಕೂರುತ್ತಿದ್ದಳು.

ಅವಳ ಗಂಡ ಇನ್‌ಖಾಮ್ ಈ ಮನೆಗೇ ಅಳಿಯನಾಗಿ ಬಂದವನು, ಊರಿಗೆಲ್ಲ 'ಲುಂಗ್', ದೊಡ್ಡಪ್ಪ. ಬಾಯಿ ಕಡಿಮೆಯ ಮನುಷ್ಯ. ಕಾಡಿನ ತರಗೆಲೆಗೆ ಬೆಂಕಿ ಕೊಟ್ಟರೆ ಮೊದಲ ಮಳೆಗೆ ಗುಂಡು ಅಣಬೆ ಚೆನ್ನಾಗಿ ಏಳುತ್ತದೆ ಎಂಬುದು ನಮ್ಮ ಅಜ್ಜಂದಿರ ಕಾಲದ ನಂಬಿಕೆ. ಆ ವರ್ಷವೂ ಅವನು ಹಚ್ಚಿದ್ದ. ಸುಳ್ಳು ಯಾಕೆ ಹೇಳಲಿ, ಊರಿನ ಅರ್ಧ ಗಂಡಸರು ಹಚ್ಚಿದ್ದರು.

"ಎಲ್ಲಿಗೆ ಹೋಗಿದ್ದೆ?" ಎಂದು ಅವನ ಅಂಗಿ ಮೂಸಿ ಕೇಳಿದಳು ಬುವಾಲೈ.

"ಬಿದಿರು ನೋಡೋಕೆ."

"ಬಿದಿರು ಬೀಡಿ ಸೇದ್ತಾ ಇತ್ತೇನು?"

ಅವನು ನಕ್ಕ. ಅವಳು ನಗಲಿಲ್ಲ. ಪಕ್ಕದ ಕಣಿವೆಯಲ್ಲಿ ಒಬ್ಬನನ್ನು ಹಿಡಿದುಕೊಂಡು ಹೋಗಿದ್ದರು, ಇನ್ನೂ ಬಿಟ್ಟಿರಲಿಲ್ಲ. ಈ ವಯಸ್ಸಿನಲ್ಲಿ ಇವನು ಜೈಲಿನ ನೆಲದ ಮೇಲೆ ಮಲಗಿದರೆ ಮತ್ತೆ ಎದ್ದು ಬರುತ್ತಾನೆಯೇ ಎಂಬ ಒಂದೇ ಹೆದರಿಕೆ ಅವಳಿಗೆ.

ಅಂಥ ಹೊತ್ತಿನಲ್ಲಿ ಬಂದವಳು ಆಚಾನ್ ನಟ್ಟಯಾ. ಆಚಾನ್ ಎಂದರೆ ಮೇಷ್ಟ್ರು. ನಗರದ ವಿಶ್ವವಿದ್ಯಾಲಯದಲ್ಲಿ ಗಾಳಿಯನ್ನು ಓದಿದವಳು. ಶಾಲೆಯ ಕಂಬಕ್ಕೆ ಗಾಳಿ ಅಳೆಯುವ ಒಂದು ಬಿಳಿ ಪೆಟ್ಟಿಗೆ ಕಟ್ಟಿಸಿದಳು. ವಿಹಾರದ ಪಡಸಾಲೆಯಲ್ಲಿ ಜನರನ್ನು ಕೂರಿಸಿ, ಈ ಹೊಗೆ ಯಾರ ಮೈಯೊಳಗೆ ಎಷ್ಟು ಹೋಗುತ್ತಿದೆ, ಎದೆಗೆ ಏನು ಮಾಡುತ್ತಿದೆ ಎಂದು ನೋಡುತ್ತೇನೆ ಎಂದಳು. ಎಲ್ಲರೂ ಕೊಳವೆಗೆ ಊದಬೇಕು. ಕಾಡಿಗೆ ಹೋಗುವ ಗಂಡಸರು ಬೆಳಗಿನ ಮೂತ್ರವನ್ನು ಬಾಟಲಿಯಲ್ಲಿ ಕೊಡಬೇಕು, ಹೊಗೆಯ ಗುರುತು ಅದರಲ್ಲಿ ಇಳಿಯುತ್ತದೆ.

"ಗಾಳಿ ಅಳೆಯೋಕೆ ಬಂದೋಳಿಗೆ ನಮ್ಮ ಉಚ್ಚೆ ಯಾಕೆ?" ಎಂದು ಯಾರೋ ಹಿಂದಿನಿಂದ ಕೂಗಿದರು.

"ಯಾರು ಬೆಂಕಿ ಹಚ್ಚಿದ್ರು ಅಂತ ಕಂಡುಹಿಡಿಯೋಕಲ್ಲ," ಎಂದಳು ಆಚಾನ್. "ನನಗೆ ಅದು ಬೇಕಾಗೇ ಇಲ್ಲ."

ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಅದೇ ಬೇಕಾದದ್ದು ಎಂದು ಬುವಾಲೈ ಅಲ್ಲೇ ತೀರ್ಮಾನಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಹಾಗೆ ಪಡಸಾಲೆಯ ಗಂಡಸರೆಲ್ಲ ತಮ್ಮ ಅಂಗಿ ಮೂಸಿಕೊಳ್ಳುತ್ತಿದ್ದರು. ಮುಖ್ಯಸ್ಥ ಪೊ ಲುವಾಂಗ್ ತವಿಲ್ ಕೂಡ.

ಊದುವ ಸರದಿ ಬಂತು. ಬುವಾಲೈ ಕೊಳವೆಯನ್ನು ಸೆರಗಿನಿಂದ ಒರೆಸಿ, ಒಳಗೆ ಇಣುಕಿ, ಕೊನೆಗೆ ಊದಿದಳು. ಯಂತ್ರದ ಗೆರೆ ಒಂಚೂರು ಎದ್ದು ಮಲಗಿತು.

"ಜೋರಾಗಿ ಪಾ, ಹೊಟ್ಟೆಯಿಂದ!"

ಮತ್ತೆ ಊದಿದಳು. ಅಷ್ಟೇ.

"ಉಸಿರಲ್ಲೂ ಜಿಪುಣತನ!" ಎಂದು ಜನ ನಕ್ಕರು. "ನಾಳೆಗೆ ಉಳಿಸ್ಕೊಂಡವ್ಳೆ."

"ಹೌದು, ನನ್ನ ಉಸಿರು ಕಂಡೋರಿಗೆಲ್ಲ ಯಾಕೆ ಕೊಡ್ಲಿ?" ಎಂದು ಬುವಾಲೈ ಎದ್ದುಬಂದಳು. ಹೊರಗೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದಳು. ಯಾರೂ ಗಮನಿಸಲಿಲ್ಲ.

ಬಾಟಲಿಗಳನ್ನು ಮನೆಮನೆಗೆ ಹಂಚಿ, ಬೆಳಿಗ್ಗೆ ಬಂದು ಒಯ್ಯುವ ಕೆಲಸ ಆರೋಗ್ಯ ಸೇವಕಿಯದು. ಸೀನುವಾನ್ ಅಂಗಳದಾಚೆ ನಿಂತು, ಇನ್‌ಖಾಮ್‌ನ ಹೆಸರು ಅಂಟಿಸಿದ ಬಾಟಲಿಯನ್ನು ಬೇಲಿಗೂಟದ ಮೇಲೆ ಇಟ್ಟು ಹೋದಳು. ಆ ಮನೆಯ ಮೆಟ್ಟಿಲು ಹತ್ತುವಂತಿಲ್ಲ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು.

ಬುವಾಲೈ ಆ ಬಾಟಲಿಯನ್ನು ನೋಡಿದಳು. ಗಂಡನ ಮೈಯ ನೀರು ಪೀಕಾ ಮನೆಯವಳ ಕೈಗೆ! ಅಲ್ಲಿಂದ ನಗರಕ್ಕೆ, ನಗರದಿಂದ ಪೊಲೀಸರಿಗೆ! ಒಂದು ಕಡೆ ದೆವ್ವ, ಇನ್ನೊಂದು ಕಡೆ ಜೈಲು. ಕೊಡುವುದಿಲ್ಲ ಎಂದರೆ ಅದೂ ಅನುಮಾನಕ್ಕೆ ದಾರಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೆಳಿಗ್ಗೆ ಇನ್‌ಖಾಮ್ ಏಳುವ ಮೊದಲೇ ಎದ್ದು, ಬಾಟಲಿಯನ್ನು ತಾನೇ ತುಂಬಿಸಿ ಗೂಟದ ಮೇಲೆ ಇಟ್ಟಳು. ತಾನು ಕಾಡಿನ ಕಡೆ ತಲೆ ಹಾಕಿದವಳಲ್ಲ, ತನ್ನದರಲ್ಲಿ ಹೊಗೆ ಎಲ್ಲಿಂದ ಬರಬೇಕು? ಇನ್ನು ಆ ಮನೆಯ ಕಣ್ಣು ತಾಗುವುದಾದರೆ ತನಗೇ ತಾಗಲಿ. ಗಂಡನಿಗೆ, "ಬಾಟ್ಲಿ ಒಡೆದೋಯ್ತಂತೆ, ನಿಂದು ಬೇಡ್ವಂತೆ," ಎಂದಳು. ಅವನು ಅದನ್ನೂ ನಂಬಿದ.

ಮಳೆಗೆ ಮುಂಚೆ ಆಚಾನ್ ಮತ್ತೆ ಬಂದಳು. ಹೊಗೆ ಇನ್ನೂ ಹಾಗೇ ಇತ್ತು. ಪಡಸಾಲೆಯ ಮೂಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಮೆಲ್ಲಗೆ ಹೇಳುತ್ತಿದ್ದಳು. ಪೊ ಲುವಾಂಗ್ ಮಾತ್ರ ತನ್ನ ಕುರ್ಚಿಯನ್ನು ಮೆಲ್ಲಮೆಲ್ಲಗೆ ಅದೇ ಮೂಲೆಗೆ ಸರಿಸಿಕೊಂಡಿದ್ದ. ಬೆಂಕಿ ಹಚ್ಚಿದವನ ಹೆಸರು ಒಂದಾದರೂ ಕೊಡು ಎಂದು ಮೇಲಿನವರು ಅವನ ಬೆನ್ನು ಬಿದ್ದಿದ್ದರು. ಯಾರದಾದರೂ ಸರಿ, ತನ್ನದಾಗದಿದ್ದರೆ ಸಾಕಿತ್ತು ಅವನಿಗೆ.

ಇನ್‌ಖಾಮ್‌ನ ಸರದಿ ಬಂದಾಗ ಬುವಾಲೈಯೂ ಹಿಂದೆಯೇ ಹೋಗಿ ನಿಂತಳು. ಆಚಾನ್‌ಳ ಮುಖ ಗಂಭೀರವಾಗಿತ್ತು.

"ಲುಂಗ್, ಬೇಜಾರು ಮಾಡ್ಕೋಬೇಡಿ. ಇಡೀ ಊರಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಗೆ ಸಿಕ್ಕಿರೋದು ನಿಮ್ಮ ಬಾಟ್ಲಿಯಲ್ಲಿ. ಬೇರೆಯವರದ್ದು ಇದರ ಹತ್ರಕ್ಕೂ ಬರಲ್ಲ."

"ನಂದಾ? ನಾನು..." ಎಂದು ಇನ್‌ಖಾಮ್ ಬಾಯಿ ತೆರೆದ. ಅಷ್ಟರಲ್ಲಿ ಪೊ ಲುವಾಂಗ್ ಎದ್ದು ನಿಂತಿದ್ದ.

"ನಾನು ಹೇಳ್ಲಿಲ್ವಾ! ಆ ಮೇಲಿನ ಗುಡ್ಡಕ್ಕೆ ಹಚ್ಚಿದ್ದು ಇವನೇ!"

"ಪೊ ಲುವಾಂಗ್, ಇದು ಹಚ್ಚಿದ್ದಕ್ಕೆ ಸಾಕ್ಷಿ ಅಲ್ಲ," ಎಂದು ಆಚಾನ್ ಗದರಿದಳು. "ನೀವು ಇಲ್ಲಿ ಕೂರಲೇಬಾರದಿತ್ತು."

"ಬೆಂಕಿ ಇಲ್ದೆ ಹೊಗೆ ಆಡುತ್ತಾ ಆಚಾನ್? ಇಷ್ಟು ಹೊಗೆ ಕುಡಿದಿದ್ದಾನೆ ಅಂದ್ರೆ ಬೆಂಕಿ ಮುಂದೆ ಕೂತಿದ್ದ ಅಂತ ತಾನೆ? ಬಾರಯ್ಯ ಇನ್‌ಖಾಮ್, ಕಚೇರಿಗೆ ಹೋಗೋಣ."

ಯಾರೂ ಇನ್‌ಖಾಮ್‌ನ ಮುಖ ನೋಡಲಿಲ್ಲ. ಎಲ್ಲರಿಗೂ ತಮ್ಮ ತಲೆ ಉಳಿಯಿತು ಎಂಬ ಸಮಾಧಾನ. ಬುವಾಲೈ ಗಂಡನ ಮುಂದೆ ಬಂದು ನಿಂತಳು. ಯಾರನ್ನು ಉಳಿಸಲು ಮಾಡಿದಳೋ ಅವನನ್ನೇ ಕೊಟ್ಟುಬಿಟ್ಟಿದ್ದಳು.

"ಆ ಬಾಟ್ಲಿ ಅವನದಲ್ಲ," ಎಂದಳು.

"ಮತ್ತೆ ಯಾರದು?"

"ನಂದು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. "ಗಂಡನ ಪಾಲಿಂದೂ ನೀನೇ ಹೊಯ್ದುಬಿಟ್ಯಾ ಪಾ?" ಎಂದು ಒಬ್ಬ ಹೊಟ್ಟೆ ಹಿಡಿದುಕೊಂಡ. ಪೊ ಲುವಾಂಗ್ ಕೂಡ ನಗಲೋ ಬೇಡವೋ ಎಂದು ಮತ್ತೆ ಕುರ್ಚಿಯಲ್ಲಿ ಕೂತ. ನಗದವರು ಇಬ್ಬರೇ: ಬಾಗಿಲ ಬಳಿ ನಿಂತಿದ್ದ ಸೀನುವಾನ್, ಮತ್ತು ಆಚಾನ್.

"ಪಾ, ನೀವು ಕಾಡಿಗೆ ಹೋಗಿದ್ರಾ?"

"ಈ ಮೊಣಕಾಲಲ್ಲಾ?"

"ಮತ್ತೆ ಹಗಲೆಲ್ಲ ಎಲ್ಲಿರ್ತೀರಿ?"

"ಎಲ್ಲಿರ್ತಾಳೆ, ಅಡುಗೆಮನೇಲಿ," ಎಂದ ಪೊ ಲುವಾಂಗ್. "ಬಾಗಿಲು ಹಾಕ್ಕೊಂಡು. ಅವಳ ಬಿಲ್ಲೆ ಯಾರಾದ್ರೂ ಕದ್ದುಬಿಟ್ರೆ?"

ಆಚಾನ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಅವತ್ತು ಕೊಳವೆಗೆ ಊದುವಾಗ ಬೇಕಂತ್ಲೇ ಮೆಲ್ಲಗೆ ಊದಿದ್ರಿ ಅಲ್ವಾ?"

ಬುವಾಲೈ ನೆಲ ನೋಡಿದಳು. ಹೌದು ಎನ್ನಬಹುದಿತ್ತು. ಊರೆಲ್ಲ ಹಾಗೇ ನಂಬಿತ್ತು.

"ಇಲ್ಲ," ಎಂದಳು. "ಇದ್ದಷ್ಟೂ ಊದಿದ್ದೆ."

ಆಗ ನಗು ನಿಂತಿತು.

ಆಚಾನ್ ಗಾಳಿಯ ಹೊಗೆ ಅಳೆಯುವ ಸಣ್ಣದೊಂದು ಯಂತ್ರ ಹಿಡಿದು ಬುವಾಲೈಯ ಮನೆಗೆ ಬಂದಳು. ಸಹಾಯಕ್ಕೆ ಬಂದ ಸೀನುವಾನ್ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತಳು. ಒಲೆಯಲ್ಲಿ ಹಸಿ ಸೌದೆ ಇನ್ನೂ ಉರಿಯುತ್ತಿತ್ತು. ಯಂತ್ರದ ಅಂಕಿ ಏರಿತು, ಏರುತ್ತಲೇ ಹೋಯಿತು.

"ಸುಳ್ಳು," ಎಂದಳು ಬುವಾಲೈ. "ಅದನ್ನ ನೀನು ಊರಿಂದ ಬರುವಾಗಲೇ ತಿರುಗಿಸ್ಕೊಂಡು ಬಂದಿದ್ದೀಯ. ಕೊಡು ಇಲ್ಲಿ."

ಯಂತ್ರ ಕಿತ್ತುಕೊಂಡು ಅಂಗಳಕ್ಕೆ ಹೋದಳು. ಅಲ್ಲಿ ಬೆಟ್ಟವೇ ಕಾಣದಷ್ಟು ಹೊಗೆ, ಆದರೂ ಅಂಕಿ ಸರಸರನೆ ಇಳಿಯಿತು. ಒಳಗೆ ತಂದಳು, ಏರಿತು. ಮತ್ತೆ ಹೊರಗೆ ಓಡಿದಳು. ಯಂತ್ರವನ್ನು ಅಲ್ಲಾಡಿಸಿದಳು, ಕಿವಿಯ ಹತ್ತಿರ ಹಿಡಿದಳು, ಅಂಗಡಿಯ ಮೊಟ್ಟೆಯನ್ನು ನೋಡುವ ಹಾಗೆ. ಇಡೀ ಊರು ಶಾಪ ಹಾಕುತ್ತಿದ್ದ ಆ ಬೆಟ್ಟದ ಹೊಗೆಗಿಂತ ಅವಳ ಒಲೆಯ ಹೊಗೆ ಎಷ್ಟೋ ಪಟ್ಟು ದಪ್ಪವಾಗಿತ್ತು. ಓಡಾಡಿ ಏದುಸಿರು ಬಂದು ಕಂಬ ಹಿಡಿದು ನಿಂತಳು.

"ಇಲ್ಲಿ ಕಿಟಕಿ ಇಲ್ವಾ?" ಎಂದು ಆಚಾನ್ ಕೇಳಿದಳು.

"ಇತ್ತು," ಎಂದ ಇನ್‌ಖಾಮ್.

"ಯಾಕೆ ಮುಚ್ಚಿದ್ರಿ?"

ಇನ್‌ಖಾಮ್ ಹೊಸ್ತಿಲ ಕಡೆ ನೋಡಿದ. ಸೀನುವಾನ್ ಹೊಸ್ತಿಲಾಚೆ ಕೈಕಟ್ಟಿ ನಿಂತಿದ್ದಳು.

"ನಿಮಗಿಂತ ಮುಂಚೆ ಈ ಒಲೆ ಮುಂದೆ ಯಾರು ಕೂರ್ತಿದ್ರು ಪಾ?"

"ಅಮ್ಮ. ಆಮೇಲೆ ಅಕ್ಕ."

"ಅವರು..."

"ಕೆಮ್ಮಿ ಕೆಮ್ಮಿ ಸತ್ರು," ಎಂದಳು ಸೀನುವಾನ್. "ಇಬ್ರೂ. ಕಿಟಕಿ ಮುಚ್ಚಿದ ಮೇಲೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬುವಾಲೈಗೆ ಎದುರು ಬೈಯಲಾದರೂ ಆಗುತ್ತಿತ್ತು.

ಆಚಾನ್ ಬುವಾಲೈಯ ಕೈಯಿಂದ ಯಂತ್ರ ತೆಗೆದುಕೊಂಡಳು. "ಸತ್ತವರ ಬಗ್ಗೆ ನಾನು ಖಚಿತವಾಗಿ ಏನೂ ಹೇಳಲಾರೆ. ಅವರ ಎದೆಯನ್ನ ಯಾರೂ ನೋಡಿಲ್ಲ. ನಿಮ್ಮದನ್ನ ನೋಡಬಹುದು. ಈ ವಾರವೇ ಆಸ್ಪತ್ರೆಗೆ ಬನ್ನಿ. ಒಲೆ ಹೊರಗೆ ಹಾಕಿ, ಆ ಕಿಟಕಿ ತೆಗೀರಿ."

ಅವರು ಹೋದ ಮೇಲೆ ಬುವಾಲೈ ಒಲೆಯ ಮುಂದೆ ಕುಕ್ಕರಿಸಿದಳು. ಇನ್‌ಖಾಮ್ ಕೇಳಿದ. "ಬಾಟ್ಲಿ ಯಾಕೆ ನೀನು ತುಂಬಿಸ್ದೆ?"

"ನಿನ್ನ ಎಳ್ಕೊಂಡು ಹೋದ್ರೆ? ಆ ಮನೆ ಕೈಗೆ ನಿಂದು ಸಿಕ್ಕಿ ನಿಂಗೂ ಕೆಮ್ಮು ಬಂದ್ರೆ? ಬರೋದು ನಂಗೇ ಬರ್ಲಿ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಂದೇಬಿಟ್ಟಿತ್ತಲ್ಲ, ಯಾವಾಗ್ಲೋ. ನಂಗೇ ಗೊತ್ತಿತ್ತು. ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ. ನಿಂಗೆ ಹೇಳಿದ್ರೆ ನೀನು ಅವಳ ಮನೆಗೆ ಹೋಗಿ ಜಗಳ ಮಾಡ್ತೀಯ ಅಂತ ಹೇಳ್ಲಿಲ್ಲ."

ಇನ್‌ಖಾಮ್ ಎದ್ದು ಹೋಗಿ ಸುತ್ತಿಗೆ, ಹಾರೆ ತಂದ.

"ಏನ್ ಮಾಡ್ತೀಯ?" ಎಂದಳು ಬುವಾಲೈ, ರೂಢಿಯಂತೆ ಅನುಮಾನದಿಂದ.

ಅವಳು ಹೊಡೆದಿದ್ದ ಮೊಳೆಗಳು ಸುಲಭವಾಗಿ ಬಂದವು. ಅವಳಪ್ಪನ ಕಾಲದವು ತುಕ್ಕು ಹಿಡಿದು ಮರಕ್ಕೆ ಕಚ್ಚಿಕೊಂಡಿದ್ದವು, ಕಿರುಚುತ್ತ ಬಂದವು. ಕೊನೆಯ ಹಲಗೆ ಬಿದ್ದಾಗ, ಹಗ್ಗ ಬಿಚ್ಚಿದ ದನದ ಹಾಗೆ ಹೊಗೆ ಹೊರಗೆ ನುಗ್ಗಿತು. ಬೆಳಕು ಬಿದ್ದು ಗೋಡೆಗಳು ಕಂಡವು. ಕರ್ರಗೆ, ಮಸಿ ಹೆಪ್ಪುಗಟ್ಟಿ ಹೊಳೆಯುತ್ತಿದ್ದವು. ಅಮ್ಮ ಒರಗುತ್ತಿದ್ದ ಜಾಗದಲ್ಲಿ ಮಾತ್ರ ಬೆನ್ನಿನಗಲ ಗೋಡೆ ನುಣುಪಾಗಿತ್ತು. ಅಕ್ಕ ಒರಗಿದ್ದೂ ಅಲ್ಲೇ, ತಾನು ಒರಗುವುದೂ ಅಲ್ಲೇ.

ಆಚೆ ಅಂಗಳದಲ್ಲಿ ಸೀನುವಾನ್ ಮೊಳೆಯ ಸದ್ದಿಗೆ ಹೊರಬಂದು ನಿಂತಿದ್ದಳು. ಅವಳ ತಲೆ ಪೂರ್ತಿ ನರೆತಿತ್ತು. ಬುವಾಲೈ ಅದನ್ನು ನೆಟ್ಟಗೆ ನೋಡಿದ್ದು ಅಂದೇ ಮೊದಲು. ಇವಳಿಗೂ ಮದುವೆಯಾಗಿ ಮಕ್ಕಳಾಗಬಹುದಿತ್ತು, ಈ ಅಂಗಳದಲ್ಲಿ ಮೊಮ್ಮಕ್ಕಳು ಓಡಬಹುದಿತ್ತು ಎಂದು ಅನಿಸಿ, ಅವಳಿಗೆ ನಾಚಿಕೆಯಾಯಿತು.

"ಊಟ ಆಯ್ತಾ?" ಎಂದು ಕೇಳಿದಳು. ಕಿಟಕಿಗೆ ಮೊಳೆ ಬಿದ್ದ ದಿನದಿಂದ ಆ ಮಾತನ್ನು ಆ ಮನೆಯವರಿಗೆ ಅವಳು ಕೇಳಿರಲಿಲ್ಲ.

ಸೀನುವಾನ್ ತೆರೆದ ಕಿಟಕಿಯನ್ನು ನೋಡಿದಳು.

ಬುವಾಲೈ ತಟ್ಟಿಯಿಂದ ಒಂದು ಬಿಲ್ಲೆ ತೆಗೆದು, ಕೆಂಡದ ಮೇಲೆ ಎರಡೂ ಕಡೆ ಸುಟ್ಟು, ಕಿಟಕಿಯಾಚೆ ಕೈ ಚಾಚಿದಳು. "ಸೀನುವಾನ್, ಅಮ್ಮನ್ನ ತಿಂದದ್ದು ನೀವಲ್ಲ. ನಿನ್ನ ಬಾಳನ್ನ ತಿಂದದ್ದು ಮಾತ್ರ ನಾವೇ."

ಸೀನುವಾನ್ ಹತ್ತಿರ ಬಂದಳು. ಬಿಲ್ಲೆ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು, ಮೂಗಿನ ಬಳಿ ಹಿಡಿದು ಮೂಸಿದಳು. ಆಮೇಲೆ ಕಿಟಕಿಯೊಳಕ್ಕೆ ವಾಪಸು ಚಾಚಿದಳು.

"ನೀನು ಮೊದ್ಲು ತಿನ್ನು," ಎಂದಳು.

ಬುವಾಲೈ ತುಂಡು ಮುರಿದು ಬಾಯಿಗಿಟ್ಟು, ಅಗಿದು, ನುಂಗಿದಳು. ಸೀನುವಾನ್ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡಳು, ತಿನ್ನಲಿಲ್ಲ.

"ಬೆಳಿಗ್ಗೆ ಬಂದು ನೋಡ್ತೀನಿ, ನೀನು ಇದ್ದೀಯೋ ಇಲ್ವೋ ಅಂತ," ಎಂದು ತಿರುಗಿ ಹೋಗುತ್ತ ಹೇಳಿದಳು. "ಕಿಟಕಿ ಮುಚ್ಚಬೇಡ."

ಬುವಾಲೈ ಮುಚ್ಚಲಿಲ್ಲ.